ಮನೆಯ ಕಸ: ಒಂದು ಜಮಾ-ಖರ್ಚು



ಕಳೆದ ಅಮಾವಾಸ್ಯೆಯ ಶಿವಾನುಭವ ಗೋಷ್ಠಿ ಮುಗಿದ ಬಳಿಕ ಪೂಜ್ಯ ಶ್ರೀಗಳು ನನ್ನನ್ನು ಕರೆದು, "ಈ ಸಲ ಗೃಹಸ್ಥರ ಪಾಠ ನೀವು ಬರೀರಿ, ವಿಷಯ ಕಸ" ಎಂದು ಅಪ್ಪಣೆ ಕೊಡಿಸಿದರು. ನಾನು ಬಿ.ಕಾಂ. ಓದಿ ಮಠದ ಲೆಕ್ಕ ಬರೆಯುವವನು. ಶಾಸ್ತ್ರ ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ವಿಷಯವನ್ನು ನನಗೇ ಏಕೆ ವಹಿಸಿದರೆಂಬುದು ನನಗೆ ಗೊತ್ತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

2017ರ ಜಾತ್ರೆ ಮುಗಿದು ಒಂದು ತಿಂಗಳಾಗಿತ್ತು. ಮಿರಜದ ಬೇಡಗ ರಸ್ತೆಯ ಕಡೆ ಹೊಲವಿರುವ ಹಿರಿಯ ಭಕ್ತರೊಬ್ಬರು ಆಫೀಸಿಗೆ ಬಂದರು. ಪಾವತಿ ಮಾಡಿಸಲು ಬಂದಿರಬಹುದೆಂದು ನಾನು ಪುಸ್ತಕ ತೆರೆದೆ. ಅವರು ಟವೆಲಿನ ಗಂಟು ಬಿಚ್ಚಿ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟರು. ತೊಳೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ತಂದಿದ್ದರು. ನಮ್ಮ ಜಾತ್ರೆಯ ಪ್ರಸಾದದ ಚೀಲ. ಮೇಲೆ ಮಠದ ಹೆಸರು ಛಾಪಿಸಿತ್ತು.

"ಸೆಕ್ರೆಟರಿ ಸಾಹೇಬರ, ಇದು ನಮ್ಮ ಕಬ್ಬಿನ ಸಾಲಿನ್ಯಾಗ ಸಿಕ್ತು. ಗಾಳಿ ಬಿಟ್ರ ಡೆಪೊ ಕಡಿಂದ ಹಾರಿ ಬರತಾವ. ಬ್ಯಾರೆ ಚೀಲ ಆಗಿದ್ರ ಕಡ್ಡಿ ಗೀರಿ ಸುಟ್ಟಬಿಡತಿದ್ನಿ. ಇದರ ಮ್ಯಾಲ ಮಠದ ಹೆಸರೈತ್ರಿ, ಹೆಂಗ ಸುಡಲಿ?" ಎಂದರು.

ಆ ಚೀಲಗಳನ್ನು ಛಾಪಿಸಲು ಕೊಟ್ಟವನು ನಾನು. ಬಟ್ಟೆ ಚೀಲಕ್ಕಿಂತ ಅಗ್ಗವೆಂದು ಕಮಿಟಿಯ ಸಭೆಯಲ್ಲಿ ಉಳಿತಾಯ ತೋರಿಸಿ ಮೆಚ್ಚುಗೆ ಪಡೆದವನೂ ನಾನೇ. ಉಳಿದ ಹಣ ಮಠದ ಪುಸ್ತಕದಲ್ಲಿ ಜಮೆಯಾಯಿತು, ಖರ್ಚು ಮಾತ್ರ ಅವರ ಹೊಲದಲ್ಲಿ ಬಿತ್ತು. ಲೆಕ್ಕ ಕಲಿತವನಿಗೆ ಇದಕ್ಕಿಂತ ದೊಡ್ಡ ತಪ್ಪು ಬೇರೆ ಇಲ್ಲ. ಆ ದಿನದಿಂದ ಕಸದ ಬಗ್ಗೆ ಓದಿದ್ದು, ಕೇಳಿದ್ದು, ಕೈಯಾರೆ ಮಾಡಿ ಕೆಡಿಸಿದ್ದು, ಸುಧಾರಿಸಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ತಿಪ್ಪೆ ಮತ್ತು ಡೆಪೊ

ನಮ್ಮಲ್ಲಿ ಬಹಳ ಜನ ಹಳ್ಳಿಯಿಂದ ಬಂದವರು. ಅಜ್ಜನ ಕಾಲದಲ್ಲಿ ಕಸದ ಸಮಸ್ಯೆ ಎಂಬ ಮಾತೇ ಇರಲಿಲ್ಲ. ಹಿತ್ತಲಿನಲ್ಲಿ ತಿಪ್ಪೆ ಇತ್ತು. ಸಗಣಿ, ಗೋದಲಿಯಲ್ಲಿ ಉಳಿದ ಮೇವು, ಒಲೆಯ ಬೂದಿ, ಕಾಯಿಪಲ್ಯದ ಸಿಪ್ಪೆ, ಅಂಗಳದ ಎಲೆ ಎಲ್ಲವೂ ಅಲ್ಲಿಗೇ ಬೀಳುತ್ತಿದ್ದವು. ಬೇಸಿಗೆಯಲ್ಲಿ ಬಂಡಿ ಕಟ್ಟಿ ಹೊಲಕ್ಕೆ ಹೇರಿದರೆ ವರ್ಷದ ಲೆಕ್ಕ ಚುಕ್ತಾ. ಹೆಣ್ಣು ಕೊಡುವವರು ಮನೆಗಿಂತ ಮೊದಲು ತಿಪ್ಪೆಯ ಎತ್ತರ ನೋಡುತ್ತಿದ್ದರೆಂದು ಹಿರಿಯರು ನಗುತ್ತ ಹೇಳುವುದುಂಟು. ತಿಪ್ಪೆ ದೊಡ್ಡದಿದ್ದರೆ ದನ ಹೆಚ್ಚು, ದನ ಹೆಚ್ಚಿದ್ದರೆ ಹೊಲ ಸತ್ವದ್ದು.

ಈಗ ನಗರದ ಕಸವನ್ನು ನೋಡಿರಿ. ಸಾಂಗಲಿ, ಮಿರಜ, ಕುಪವಾಡ ಮೂರೂ ಊರುಗಳನ್ನು ಕೂಡಿಸಿ 1998ರ ಫೆಬ್ರುವರಿಯಲ್ಲಿ ಮಹಾನಗರಪಾಲಿಕೆ ಆಯಿತು. 2011ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆ 5 ಲಕ್ಷ ದಾಟಿತ್ತು. ಇಷ್ಟೂ ಜನರ ಕಸಕ್ಕೆ ವರ್ಷಾನುಗಟ್ಟಲೆ ಇದ್ದ ದಾರಿ ಎರಡೇ: ಸಾಂಗಲಿಯದು ಸಮಡೋಳಿ ರಸ್ತೆಗೆ, ಮಿರಜದ್ದು ಬೇಡಗ ರಸ್ತೆಗೆ. ಇದೂ ತಿಪ್ಪೆಯೇ ಅಲ್ಲವೇ, ಇದು ಏಕೆ ಗೊಬ್ಬರವಾಗುವುದಿಲ್ಲ ಎಂದು ಯಾರಾದರೂ ಕೇಳಬಹುದು.

ಉತ್ತರ ಒಂದೇ ಮಾತಿನಲ್ಲಿದೆ: ಕಲಬೆರಕೆ. ಅಜ್ಜನ ತಿಪ್ಪೆಯಲ್ಲಿ ಕೊಳೆಯದ ವಸ್ತುವೇ ಇರಲಿಲ್ಲ. ನಮ್ಮ ಬುಟ್ಟಿಯಲ್ಲಿ ಉಳಿದ ಸಾರು, ಹಾಲಿನ ಪಾಕೀಟು, ಗುಟಕಾ ಚೀಟಿ, ಒಡೆದ ಬಲ್ಬು, ಮಗುವಿನ ಡೈಪರ್, ಮುಗಿದ ಸೆಲ್ಲು ಎಲ್ಲ ಒಂದೇ ಕಡೆ. ಅದರ ಬಾಯಿ ಕಟ್ಟಿ ಒಯ್ದು ಒಟ್ಟುತ್ತೇವೆ. ಪ್ಲಾಸ್ಟಿಕ್ಕಿನೊಳಗೆ ಸಿಕ್ಕ ಅನ್ನಕ್ಕೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದೆ ಕೊಳೆತರೆ ಗೊಬ್ಬರದ ಬದಲು ದುರ್ನಾತ ಮತ್ತು ಮಿಥೇನ್ ಅನಿಲ ಹುಟ್ಟುತ್ತವೆ. ಬೇಸಿಗೆಯಲ್ಲಿ ಡೆಪೊಗಳಿಗೆ ಬೆಂಕಿ ಹತ್ತುವುದಕ್ಕೆ ಇದೂ ಒಂದು ಕಾರಣ. ಕೇರಳದ ಕೊಚ್ಚಿಯಲ್ಲಿ 2023ರ ಮಾರ್ಚ್ 2ರಂದು ಬ್ರಹ್ಮಪುರಂ ಡೆಪೊಕ್ಕೆ ಹತ್ತಿದ ಬೆಂಕಿ ಹತ್ತು ದಿನ ದಾಟಿದರೂ ಪೂರ್ತಿ ಆರಿರಲಿಲ್ಲ, ನಗರವೆಲ್ಲ ಹೊಗೆಯಲ್ಲಿ ಕೂತಿತ್ತು. ಮಳೆಗಾಲದಲ್ಲಿ ಅದೇ ಒಟ್ಟಿಲಿನಿಂದ ಕಪ್ಪು ನೀರು ಇಳಿಯುತ್ತದೆ. ಅದು ನೆಲಕ್ಕೆ ಹೋಗುತ್ತದೆ, ನೆಲದಿಂದ ಬಾವಿಗೆ.

ಡೆಪೊದ ಬದಿಗೆ ಹೊಲ ಇರುವವನು ರೈತ, ಅಲ್ಲಿಗೆ ಕಸ ಕಳಿಸುವವನು ಪೇಟೆಯವನು. ನಮ್ಮ ಮಠದ ಭಕ್ತರಲ್ಲಿ ಇವರಿಬ್ಬರೂ ಇದ್ದಾರೆ. ಒಂದೇ ಪಂಕ್ತಿಯಲ್ಲಿ ಕೂತು ಪ್ರಸಾದ ತೆಗೆದುಕೊಳ್ಳುತ್ತಾರೆ. ಹೀಗಾಗಿ ಇದನ್ನು ಪಾಲಿಕೆಯ ಕೆಲಸವೆಂದು ಬಿಟ್ಟುಬಿಡಲು ನಮಗೆ ಬಾಯಿ ಬರಬಾರದು. ಕರ್ನಾಟಕದಲ್ಲಿ ಬೆಂಗಳೂರಿನ ಕಸ ಹೊತ್ತ ಮಂಡೂರಿನ ಜನ ತಡೆಯಲಾರದೆ ರಸ್ತೆಗಿಳಿದ ಮೇಲೆ, 2014ರ ಕೊನೆಗೆ ಅಲ್ಲಿ ಲಾರಿ ನಿಂತವು. ಲಾರಿ ನಿಂತವೇ ಹೊರತು ಕಸ ನಿಲ್ಲಲಿಲ್ಲ. ಅದು ಮತ್ತೊಂದು ಹಳ್ಳಿಯ ದಾರಿ ಹುಡುಕಿತು.

ಹೊಳೆಯ ಮಾತು

ಕೃಷ್ಣೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಕುಡಿಯಲು ನೀರಿಲ್ಲದಾಗ ಮಿರಜ ಸ್ಟೇಷನ್ನಿನಿಂದ ರೈಲಿನಲ್ಲಿ ನೀರು ಹೋಯಿತು. ಮೊದಲು ಹತ್ತು ವ್ಯಾಗನ್ನು, ಆಮೇಲೆ ಐವತ್ತು. ಬೇರೆ ಊರಿನ ಬಾಯಾರಿಕೆ ನೀಗಿಸಿದ ಈ ಹೊಳೆಗೇ ಸಾಂಗಲಿಯಲ್ಲಿ ಶೇರಿ ನಾಲೆಯ ಹೊಲಸು ನೀರು ಕೂಡುತ್ತ ಬಂದದ್ದು ಎಲ್ಲರಿಗೂ ಗೊತ್ತಿದೆ. ನಾಲೆಗೆ ಎಸೆದ ಚೀಲ ಹೊಳೆಗೇ ಹೋಗುತ್ತದೆ. ಕೆಳಗಿನ ಊರುಗಳಲ್ಲಿ ನಮ್ಮದೇ ಬೀಗರು ಅದೇ ಹೊಳೆಯ ನೀರು ಕುಡಿಯುತ್ತಾರೆ.

2019ರ ಆಗಸ್ಟಿನಲ್ಲಿ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ದಾಟಿತು. 45 ಅಡಿಯೇ ಅಪಾಯದ ಮಟ್ಟ. ನೀರು ಇಳಿದ ಮೇಲೆ ಸಾಂಗಲಿಯ ಪೇಟೆಗೆ ಹೋದವರು ಆ ವಾಸನೆಯನ್ನು ಮರೆತಿರಲಾರರು. ತೊಯ್ದ ಗಾದಿ, ಮೊಳಕೆಯೊಡೆದ ಗೋದಿ, ಅರಿಷಿಣದ ಚೀಲ, ಮಕ್ಕಳ ಪುಸ್ತಕ ಎಲ್ಲ ಬೀದಿಯ ಎರಡೂ ಬದಿಗೆ ಆಳೆತ್ತರ ಬಿದ್ದಿದ್ದವು. ಬೇರೆ ಊರುಗಳ ಪಾಲಿಕೆಗಳಿಂದಲೂ ಸಫಾಯಿ ಕಾಮಗಾರರು ಬಂದು ಎತ್ತಿದರು. ಆ ಮಹಾಪೂರಕ್ಕೆ ಪ್ಲಾಸ್ಟಿಕ್ಕೇ ಕಾರಣವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಮಳೆ, ಧರಣದ ನೀರು, ಹೊಳೆಯ ಪಾತ್ರದಲ್ಲಿ ಕಟ್ಟಿದ ಮನೆ ಇವನ್ನೆಲ್ಲ ಮರೆತು ಮಾತಾಡುತ್ತಾರೆ. ಆದರೆ ಸಾಧಾರಣ ಮಳೆಗೇ ಗಲ್ಲಿಯಲ್ಲಿ ಮೊಳಕಾಲುದ್ದ ನೀರು ನಿಲ್ಲುತ್ತದಲ್ಲ, ಆಗ ಗಟಾರದ ಬಾಯಿಗೆ ಕೈಹಾಕಿ ನೋಡಿರಿ, ಏನು ಸಿಕ್ಕುತ್ತದೆಂದು ತಿಳಿಯುತ್ತದೆ. ಕಸ ಎತ್ತದ ಊರಿಗೆ ರೋಗವೂ ಬರುತ್ತದೆ. ಗುಜರಾತಿನ ಸೂರತ್ ನಗರದಲ್ಲಿ 1994ರಲ್ಲಿ ಪ್ಲೇಗಿನ ಹೆದರಿಕೆಯಿಂದ ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದ್ದರು. ಅದೇ ಊರು ಮುಂದೆ ಎರಡು-ಮೂರು ವರ್ಷಗಳಲ್ಲಿ ದೇಶದ ಸ್ವಚ್ಛ ನಗರಗಳ ಸಾಲಿನಲ್ಲಿ ಕೂತಿತು.

ನಮ್ಮ ಜಿಲ್ಲೆಯಲ್ಲಿ ಆಗುವುದಿಲ್ಲ ಎನ್ನುವವರಿಗೆ ವಿಟಾ ಪಟ್ಟಣವನ್ನು ತೋರಿಸಬೇಕು. ಇದೇ ಸಾಂಗಲಿ ಜಿಲ್ಲೆಯದು. ಕೇಂದ್ರ ಸರಕಾರದ 2021ರ ಸ್ವಚ್ಛತಾ ಸಮೀಕ್ಷೆಯಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನವಿರುವ ಊರುಗಳಲ್ಲಿ ದೇಶಕ್ಕೇ ಮೊದಲನೆಯದಾಯಿತು. 2000ದಲ್ಲಿ ಹಳ್ಳಿಗಳಿಗಾಗಿ ಸಂತ ಗಾಡಗೇಬಾಬಾ ಸ್ವಚ್ಛತಾ ಅಭಿಯಾನ ಶುರುವಾದಾಗ ಗ್ರಾಮವಿಕಾಸ ಮಂತ್ರಿಯಾಗಿದ್ದ ಆರ್.ಆರ್. ಪಾಟೀಲರೂ ತಾಸಗಾಂವ ತಾಲೂಕಿನವರೇ.

ಮನೆಯಲ್ಲಿ ಮಾಡುವ ಬಗೆ

ನಾನು ಮೊದಲು ಮಾಡಿದ್ದು ತೂಕ. ಐದು ಜನರ ನಮ್ಮ ಮನೆಯ ಒಂದು ವಾರದ ಕಸವನ್ನು ಕಿರಾಣಿ ಅಂಗಡಿಯ ತಕ್ಕಡಿ ತಂದು ತೂಗಿದೆ. ಮನೆಯವರು ನನ್ನನ್ನು ಹುಚ್ಚನೆಂದೇ ತಿಳಿದರು. ಒಟ್ಟು 11 ಕಿಲೊ ಆಯಿತು. ಅದರಲ್ಲಿ 7 ಕಿಲೊ ಅಡುಗೆಮನೆಯ ಹಸಿ ಕಸ, 3 ಕಿಲೊ ಕಾಗದ-ಪ್ಲಾಸ್ಟಿಕ್-ಡಬ್ಬಿ, ಉಳಿದ ಒಂದು ಕಿಲೊ ಮಾತ್ರ ಯಾವುದಕ್ಕೂ ಬಾರದ್ದು. ಅಂದರೆ ನಾವು ಕಸವೆಂದು ಹೊರಗೆ ಹಾಕುವ ಹನ್ನೊಂದರಲ್ಲಿ ನಿಜವಾದ ಕಸ ಒಂದೇ ಪಾಲು. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು, ತೂಗಿ ನೋಡಿರಿ. ನಮ್ಮ ದೇಶದ ನಗರಗಳ ಕಸದಲ್ಲಿ ಸುಮಾರು ಅರ್ಧದಷ್ಟು ಹಸಿಯದೇ ಎಂದು ತಿಳಿದವರು ಹೇಳುತ್ತಾರೆ.

ಘಂಟಾಗಾಡಿ ಬಂದಾಗ ಮರಾಠಿಯಲ್ಲಿ ಕೂಗುವ 'ಓಲಾ ಕಚರಾ, ಸುಕಾ ಕಚರಾ' ಎಂದರೆ ಇದೇ, ಹಸಿ ಮತ್ತು ಒಣ. 2016ರ ಕೇಂದ್ರ ನಿಯಮಗಳು ಹಸಿ, ಒಣ, ಮನೆಯ ಅಪಾಯಕಾರಿ ಕಸ ಎಂದು ಮೂರು ಭಾಗ ಮಾಡಿ ಕೊಡುವುದನ್ನು ಮನೆಯವರ ಕರ್ತವ್ಯವನ್ನಾಗಿ ಮಾಡಿದವು. 2026ರ ಜನವರಿಯಲ್ಲಿ ಹೊರಬಂದ ಹೊಸ ನಿಯಮಗಳು ಡೈಪರ್, ಪ್ಯಾಡುಗಳಂಥವನ್ನು ನಾಲ್ಕನೆಯ ಭಾಗವಾಗಿ ಬೇರೆ ಇಡಲು ಹೇಳಿವೆ. ಹೆದರಬೇಕಾದ್ದಿಲ್ಲ. ಅಡುಗೆಮನೆಯಲ್ಲಿ ಎರಡು ಬುಟ್ಟಿ ಇಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಉಳಿದದ್ದಕ್ಕೆ ಬಚ್ಚಲಿನ ಬಳಿ ಒಂದು ಸಣ್ಣ ಡಬ್ಬಿ, ಕಪಾಟಿನ ಮೇಲೆ ಒಂದು ಹಳೆಯ ಪೆಟ್ಟಿಗೆ.

ಹಸಿ ಕಸವನ್ನು ಮನೆಯಲ್ಲಿಯೇ ಗೊಬ್ಬರ ಮಾಡುವುದು ಉತ್ತಮ. ಇದಕ್ಕೆ ಹೊಲ ಬೇಕಿಲ್ಲ, ಬಾಲ್ಕನಿ ಸಾಕು. ಕುಂಬಾರರಲ್ಲಿ ಎರಡು ಅಡಿ ಎತ್ತರದ ಹರವಿ ತಂದು, ಸುತ್ತಲೂ ಕಿರುಬೆರಳು ಹೋಗುವಷ್ಟು ತೂತು ಮಾಡಿಸಿರಿ, ತಳದಲ್ಲಿಯೂ ಎರಡು ಇರಲಿ. ತಳಕ್ಕೆ ನಾಲ್ಕು ಬೆರಳು ಒಣ ಎಲೆ ಹಾಕಬೇಕು. ಆಮೇಲೆ ದಿನದ ಹಸಿ ಕಸವನ್ನು ಸಣ್ಣಗೆ ಹೆಚ್ಚಿ ಹಾಕಿ, ಮೇಲೆ ಅದರ ಎರಡು ಪಾಲಿನಷ್ಟು ಒಣದ್ದನ್ನು ಮುಚ್ಚಬೇಕು. ಒಣದ್ದಕ್ಕೆ ಕಬ್ಬಿನ ರವದಿ, ಶೇಂಗಾ ಸಿಪ್ಪೆ, ಉದುರಿದ ಎಲೆ, ಕಟ್ಟಿಗೆಪುಡಿ ಏನಾದರೂ ಆದೀತು. ಮಿರಜದವರು ಸಿತಾರ ಮಾಡುವವರ ಗಲ್ಲಿಗೆ ಹೋಗಿ ಕೇಳಿದರೆ ಕಟ್ಟಿಗೆಪುಡಿ ಸಿಕ್ಕೀತು. ವಾರ್ನಿಶ್ ತಗಲಿದ್ದು ಮಾತ್ರ ಬೇಡ. ಮೊದಲ ಸಲ ಒಂದು ತಂಬಿಗೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿದರೆ ಕೊಳೆಯುವ ಕೆಲಸ ಬೇಗ ಹತ್ತುತ್ತದೆ. ಮೂರು ದಿನಕ್ಕೊಮ್ಮೆ ಕೋಲಿನಿಂದ ತಿರುವಬೇಕು, ಗಾಳಿ ಒಳಗೆ ಹೋಗಬೇಕಲ್ಲ. ಹರವಿ ತುಂಬಿದ ಮೇಲೆ ಎರಡನೆಯದನ್ನು ಶುರು ಮಾಡಿ ಇದನ್ನು ಬಿಡಿರಿ. ಒಂದೂವರೆಯಿಂದ ಎರಡು ತಿಂಗಳಲ್ಲಿ ಕಪ್ಪಗಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ.

ನನ್ನ ಮೊದಲ ಹರವಿ ನಾರಿತು. ನೆರೆಮನೆಯವರು ದೂರು ಹೇಳಿದರು, ಮನೆಯವರು ಎತ್ತಿ ಹೊರಗೆ ಹಾಕುವುದರಲ್ಲಿದ್ದರು. ಕಾರಣ ಇಷ್ಟೇ, ಮಾತು ಮಾತಿಗೆ ಸಾರು, ಮಜ್ಜಿಗೆ ಅದರಲ್ಲೇ ಸುರಿದಿದ್ದೆವು. ನೀರು ಹೆಚ್ಚಾದರೆ ಗಾಳಿ ಕಡಿಮೆಯಾಗುತ್ತದೆ, ಆಗ ನಾತ ಬರುತ್ತದೆ. ಹಾಗಾದಾಗ ಒಂದು ಬುಟ್ಟಿ ರವದಿ ಹಾಕಿ ತಿರುವಿದರೆ ಎರಡು ದಿನಕ್ಕೆ ಸರಿಹೋಗುತ್ತದೆ. ಇರುವೆ ಮುತ್ತಿದರೆ ಒಣಗಿದೆ ಎಂದರ್ಥ, ನೀರು ಚಿಮುಕಿಸಿರಿ. ಬಿಳಿ ಹುಳ ಕಂಡರೆ ತಾಯಂದಿರು ಅಸಹ್ಯಪಡುತ್ತಾರೆ. ಅವು ಕಸ ತಿನ್ನುವವೇ ಹೊರತು ಮನುಷ್ಯರಿಗೆ ಏನೂ ಮಾಡುವುದಿಲ್ಲ, ಒಣ ಮಣ್ಣು ಮುಚ್ಚಿದರೆ ಕಡಿಮೆಯಾಗುತ್ತವೆ. ಎಣ್ಣೆ, ಹಾಲು ಹಾಕಬಾರದು. ನಿಂಬೆಯ ಸಿಪ್ಪೆ ಸ್ವಲ್ಪ ಪರವಾಗಿಲ್ಲ.

ಉಳಿದ ರೊಟ್ಟಿ, ಅನ್ನವನ್ನು ದನಕ್ಕೆ ಇಡುವುದು ನಮ್ಮ ರೂಢಿ, ಒಳ್ಳೆಯದೇ. ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಇಟ್ಟರೆ ಆಕಳು ಗಂಟು ಬಿಚ್ಚಿ ತಿನ್ನುವುದಿಲ್ಲ, ಚೀಲ ಸಹಿತ ನುಂಗುತ್ತದೆ. ಆ ಚೀಲ ಹೊಟ್ಟೆಯಲ್ಲಿ ಉಳಿದುಬಿಡುತ್ತದೆ, ಅರಗದು, ಹೊರಗೂ ಬಾರದು. ಒಂದರ ಮೇಲೊಂದು ಕೂಡಿ ಹೊಟ್ಟೆ ಊದಿಕೊಂಡು ದನ ಸಾಯುತ್ತದೆ. ಬಸವಣ್ಣನನ್ನು ಪೂಜಿಸುವ ಕೈಯಿಂದ ಆ ಕೆಲಸ ಆಗುತ್ತಿದೆ.

ಒಣ ಕಸಕ್ಕೆ ಗಿರಾಕಿ ಇದ್ದಾನೆ. ನಮ್ಮ ಗಡಿಭಾಗದ ಭಾಷೆಯ ತಮಾಷೆ ನೋಡಿರಿ: ಮರಾಠಿಯಲ್ಲಿ ಗುಜರಿ ಸಾಮಾನಿಗೆ ಭಂಗಾರ ಎನ್ನುತ್ತಾರೆ, ಕನ್ನಡದಲ್ಲಿ ಬಂಗಾರವೆಂದರೆ ಚಿನ್ನ. ಎರಡರ ನಡುವೆ ಅಂತರ ಇರುವುದು ತೊಳೆಯುವುದರಲ್ಲಿ. ಹಾಲಿನ ಪಾಕೀಟನ್ನು ತೊಳೆದು ಒಣಗಿಸಿಟ್ಟರೆ ಭಂಗಾರದವನು ತೂಕಕ್ಕೆ ಹಣ ಕೊಡುತ್ತಾನೆ. ಸಾರಿನ ಜೊತೆ ಕಲಸಿ ಕೊಟ್ಟರೆ ಮುಟ್ಟುವುದಿಲ್ಲ. ಪಾಕೀಟು ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರೆ ಮಾಡಬೇಡಿರಿ, ಆ ಚೂರನ್ನು ಯಾರೂ ಹೆಕ್ಕಲಾರರು. ಪುಣೆಯಲ್ಲಿ ಚಿಂದಿ ಆಯುವ ಹೆಣ್ಣುಮಕ್ಕಳು 1993ರಲ್ಲಿ ಸಂಘ ಕಟ್ಟಿಕೊಂಡರು. 2008ರಿಂದ ಅವರದೇ ಸಹಕಾರಿ ಸಂಸ್ಥೆ ಪಾಲಿಕೆಯೊಡನೆ ಕರಾರು ಮಾಡಿಕೊಂಡು ಮನೆಮನೆಯ ಕಸ ಒಯ್ಯತೊಡಗಿತು. ಕಸದಿಂದ ಹೊಟ್ಟೆ ಹೊರೆಯುವವರಿಗೆ ಕಲಸಿದ ಕಸ ಕೊಡುವುದು ಅವರ ಕೂಲಿಯನ್ನು ಕಡಿದಂತೆ.

ಇನ್ನು ಮಿರಜ ದವಾಖಾನೆಗಳ ಊರು. ಔಷಧೋಪಚಾರಕ್ಕೆಂದು ಬಂದು ಮನೆ ಹಿಡಿದವರೂ ಬಹಳ. ದವಾಖಾನೆಯ ಕಸಕ್ಕೆ 1998ರಿಂದ ಬೇರೆ ಕಾಯದೆ ಇದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಸೂಜಿ ಮಾತ್ರ ನೇರ ಬುಟ್ಟಿಗೆ ಬೀಳುತ್ತದೆ. ಘಂಟಾಗಾಡಿಯ ಹುಡುಗ ಬರಿಗೈಯಿಂದ ಎತ್ತುತ್ತಾನೆ. ಸೂಜಿ, ಬ್ಲೇಡುಗಳನ್ನು ದಪ್ಪ ಬಾಟಲಿಯಲ್ಲಿ ಹಾಕಿ ಬಿರಡೆ ಬಿಗಿದು ಬೇರೆ ಕೊಡಿರಿ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿರಿ. 12ನೆಯ ಶತಮಾನದಲ್ಲಿ ಕಸ ಗುಡಿಸುವ ಕಾಯಕದ ಸತ್ಯಕ್ಕ ಶರಣರ ಸಾಲಿನಲ್ಲಿ ಕೂತವಳು. ಆ ಕಾಯಕ ಮಾಡುವ ಇಂದಿನವರ ಕೈಗೆ ನಾವು ಸೂಜಿ ಚುಚ್ಚುತ್ತಿದ್ದೇವೆ.

ವ್ಯಾಪಾರಿ ಬಂಧುಗಳಿಗೆ ಎರಡು ಮಾತು. ಸಂಜೆ ಅಂಗಡಿ ಗುಡಿಸಿ ಬಾಗಿಲ ಮುಂದೆ ಪ್ಲಾಸ್ಟಿಕ್ ಸುಡುವ ರೂಢಿ ಬಿಡಬೇಕು. ಆ ಹೊಗೆ ಮೊದಲು ನಿಮ್ಮ ಗಲ್ಲೆಯ ಮೇಲೆ ಕೂತವರ ಎದೆಗೇ ಹೋಗುತ್ತದೆ. ಮಹಾರಾಷ್ಟ್ರ ಸರಕಾರ 2018ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ, ಥರ್ಮೋಕೋಲ್ ತಟ್ಟೆಗಳನ್ನು ನಿಷೇಧಿಸಿತು. ಕೇಂದ್ರದವರು 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ಚಮಚಗಳನ್ನು ನಿಲ್ಲಿಸಿದರು. ದಂಡದ ಹೆದರಿಕೆ ಇದ್ದಾಗ ನಾಲ್ಕು ದಿನ ಮುಚ್ಚಿಟ್ಟು, ಆಮೇಲೆ ಮತ್ತೆ ಅದೇ ಚೀಲ ಹೊರತೆಗೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಿರಾಕಿ ಚೀಲ ತರುವುದಿಲ್ಲ ಎಂಬ ಮಾತು ನಿಜ. ನಮ್ಮ ತಂದೆಯವರು ಕೈಚೀಲವಿಲ್ಲದೆ ಪೇಟೆಗೆ ಹೊರಟದ್ದೇ ಇಲ್ಲ ಎಂಬ ಮಾತೂ ನಿಜ.

ಮಠದಲ್ಲಿ ಆದದ್ದು

ಆ ಹಿರಿಯರು ಚೀಲ ಇಟ್ಟುಹೋದ ಮರುದಿನ ನಾನು ಅದನ್ನು ಪೂಜ್ಯರ ಮುಂದಿಟ್ಟು ತಪ್ಪು ಒಪ್ಪಿಕೊಂಡೆ. ಅವರು ಏನೂ ಅನ್ನಲಿಲ್ಲ. "ದಾಸೋಹದ ಹಿಂದಿನ ತೆಗ್ಗು ನೋಡಿ ಬರ್ರಿ" ಎಂದರು. ನೋಡಿದೆ. ಪತ್ರಾವಳಿ, ಹುಗ್ಗಿ, ಥರ್ಮೋಕೋಲ್ ತಾಟು, ನೀರಿನ ಪಾಕೀಟು ಎಲ್ಲ ಕೂಡಿ ಕೊಳೆತಿದ್ದವು. ಹೊರಗಿನ ಡೆಪೊ ಬೈಯುವ ಮೊದಲು ನಮ್ಮದೇ ಡೆಪೊ ಅಲ್ಲಿತ್ತು.

ಮುಂದಿನ ಶ್ರಾವಣಕ್ಕೆ ಸ್ಟೀಲ್ ತಾಟು-ತಂಬಿಗೆ ತಂದೆವು. ಖರ್ಚು ಹೆಚ್ಚಾಯಿತೆಂದು ಕಮಿಟಿಯಲ್ಲಿ ಆಕ್ಷೇಪ ಬಂತು. ಎಸೆಯುವ ತಾಟಿಗೆ ಪ್ರತಿ ವರ್ಷ ಹೋಗುತ್ತಿದ್ದ ಹಣವನ್ನು ಬರೆದು ತೋರಿಸಿದ ಮೇಲೆ ಸುಮ್ಮನಾದರು. ತಾಟು ತೊಳೆಯುವ ಸೇವೆಯನ್ನು ಅಕ್ಕನ ಬಳಗದವರು ವಹಿಸಿಕೊಂಡರು. ಬರೀ ಹೆಣ್ಣುಮಕ್ಕಳೇ ಏಕೆ ತೊಳೆಯಬೇಕೆಂದು ಅವರಲ್ಲೊಬ್ಬರು ಸಭೆಯಲ್ಲಿಯೇ ಕೇಳಿದ್ದರಿಂದ ಈಗ ಪಾಳಿಯ ಪ್ರಕಾರ ಗಂಡಸರೂ ತೊಳೆಯುತ್ತೇವೆ. ಪಂಕ್ತಿಯ ಕೊನೆಗೆ ಎರಡು ಪೀಪಾಯಿ ಇಟ್ಟಿದ್ದೇವೆ. ಮೊದಮೊದಲು ಜನ ಓದಿಯೂ ತಪ್ಪು ಪೀಪಾಯಿಗೇ ಹಾಕುತ್ತಿದ್ದರು. ಅದರ ಬಳಿ ಶಾಲೆಯ ಹುಡುಗರನ್ನು ನಿಲ್ಲಿಸಿದ ಮೇಲೆ ಸರಿಯಾಯಿತು. ದೊಡ್ಡವರಿಗೆ ಸಣ್ಣವರ ಮುಂದೆ ನಾಚಿಕೆ ಜಾಸ್ತಿ.

ಜಾತ್ರೆಯ ಪ್ರಸಾದಕ್ಕೆ ಈಗ ಹತ್ತಿಬಟ್ಟೆಯ ಚೀಲ. ಅದರ ಮೇಲೆ ಮಠದ ಹೆಸರು ಛಾಪಿಸಬೇಕೋ ಬೇಡವೋ ಎಂದು ಬಹಳ ಚರ್ಚೆಯಾಗಿ, ಬೇಡವೆಂದು ಠರಾವು ಆಯಿತು. ಹಿತ್ತಲಿನ ತೆಗ್ಗನ್ನು ಮುಚ್ಚಿ ಇಟ್ಟಂಗಿಯ ಎರಡು ತೊಟ್ಟಿ ಕಟ್ಟಿಸಿದ್ದೇವೆ. ಬೇಡಗ ರಸ್ತೆಯ ಆ ಹಿರಿಯರೇ ಮೊದಲ ಸಲದ ಗೊಬ್ಬರ ಮುಷ್ಟಿಯಲ್ಲಿ ಹಿಡಿದು ಹಿಚುಕಿ, ಮೂಗಿಗೆ ಹಿಡಿದು, ಒಂದು ಗಾಜಿನ ಚೂರು ಹೆಕ್ಕಿ ನನ್ನ ಕೈಗೆ ಕೊಟ್ಟರು. ಎರಡನೆಯ ಸಲ ಜರಡಿ ಹಿಡಿದೆವು, ಚೂರು ಸಿಗಲಿಲ್ಲ. ಅವರು ಒಂದು ಚೀಲ ಒಯ್ದರು.

ಗೊಬ್ಬರ ಬೇಕಾದ ರೈತ ಬಂಧುಗಳು ಅಮಾವಾಸ್ಯೆಯ ಗೋಷ್ಠಿಗೆ ಬರುವಾಗ ಆಫೀಸಿನಲ್ಲಿ ಹೆಸರು ಬರೆಸಬೇಕು. ಹಣವಿಲ್ಲ. ಗೋಣಿಚೀಲ ನೀವೇ ತರಬೇಕು. ಪ್ಲಾಸ್ಟಿಕ್ ಚೀಲ ತಂದವರಿಗೆ ಕೊಡುವುದಿಲ್ಲ. ಹರವಿಗೆ ತೂತು ಮಾಡುವ ಬಗೆಯನ್ನು ಅಕ್ಕನ ಬಳಗದವರು ಅದೇ ದಿನ ಪ್ರಸಾದದ ನಂತರ ತೋರಿಸುತ್ತಾರೆ.